ಜೂನ್ ಒಂದರ ಮಹಾಪುರುಷ

ಮನುಷ್ಯ ಎರಡು ಸಲ ಹುಟ್ಟಬಹುದು ಎಂದು ಒಪ್ಪಿಕೊಳ್ಳಲು ನನಗೆ ವೇದಾಂತದ ಸಹಾಯ ಬೇಕಾಗಿಲ್ಲ. ನನ್ನನ್ನು ಮೊದಲು ಹೆತ್ತವಳು ನನ್ನ ತಾಯಿ, ದುರ್ಗಾಷ್ಟಮಿಯ ದಿನ. ಆಮೇಲೆ ಹುಟ್ಟಿಸಿದವರು ನಮ್ಮ ಪ್ರೈಮರಿ ಶಾಲೆಯ ಹೆಡ್‌ಮೇಷ್ಟ್ರು, ಜೂನ್ ಒಂದನೇ ತಾರೀಕು. ಶಾಲೆಗೆ ಸೇರಿಸುವ ವಯಸ್ಸಿಗೆ ನಾನು ಕೆಲವು ತಿಂಗಳು ಕಡಿಮೆ ಬಿದ್ದಿದ್ದೆ. “ಇವನ ಕಾಟ ಮನೇಲಿ ತಡೆಯೋಕಾಗ್ತಿಲ್ಲ ಮೇಷ್ಟ್ರೇ” ಎಂದು ಅಪ್ಪ ಗೋಗರೆದರಂತೆ. ಮೇಷ್ಟ್ರು ನನ್ನ ಮುಖ ನೋಡಿ, ಮಾತು ನಿಜವೇ ಇರಬೇಕೆಂದುಕೊಂಡು, “ಜೂನ್ ಒಂದು ಅಂತ ಹಾಕ್ತೀನಿ ಬಿಡಿ, ಸರಿಹೋಗುತ್ತೆ” ಎಂದರಂತೆ. ಅವತ್ತು ಸಾಲಿನಲ್ಲಿ ನಿಂತಿದ್ದ ಮಕ್ಕಳಲ್ಲಿ ಬಹುಪಾಲು ಎಲ್ಲರೂ ಅದೇ ದಿನ ಹುಟ್ಟಿಬಿಟ್ಟರು. ಊರಿನಲ್ಲಿ ಇರುವಷ್ಟು ದಿನ ಇದು ಯಾರಿಗೂ ವಿಶೇಷವೆನಿಸಲಿಲ್ಲ. ಜೂನ್ ಒಂದೆಂದರೆ ಹೊಸ ಚಡ್ಡಿ, ಹೊಸ ಸ್ಲೇಟು, ಅಷ್ಟೇ. ಹುಟ್ಟಿದ ಹಬ್ಬವೆಂದರೆ ಅಷ್ಟಮಿ. ಅವತ್ತು ತಲೆಗೆ ಎಣ್ಣೆ, ಊಟಕ್ಕೆ ಪಾಯಸ, ಸಂಜೆಗೆ ಆರತಿ.

ಆದರೆ ಮೇಷ್ಟ್ರು ಬರೆದ ತಾರೀಕು ಎಸ್‌ಎಸ್‌ಎಲ್‌ಸಿಗೆ ಹೋಯಿತು, ಅಲ್ಲಿಂದ ಪಾಸ್‌ಪೋರ್ಟಿಗೆ ಹತ್ತಿತು, ನನ್ನ ಜೊತೆಯಲ್ಲೇ ವಿಮಾನವೇರಿ ಕ್ಯಾಲಿಫೋರ್ನಿಯಾಕ್ಕೆ ಬಂದಿಳಿಯಿತು. ಪಾಲೋ ಆಲ್ಟೋದ ನನ್ನ ಆಫೀಸಿನ ಕಂಪ್ಯೂಟರಿಗೆ ಅಷ್ಟಮಿ ನವಮಿ ಒಂದೂ ಗೊತ್ತಿಲ್ಲ. ಜೂನ್ ಒಂದು ಬಂತೆಂದರೆ ಅದು ತಾನಾಗಿಯೇ ಎಲ್ಲರಿಗೂ ಮೇಲ್ ಕಳಿಸುತ್ತದೆ, ಮಧ್ಯಾಹ್ನಕ್ಕೆ ಕೇಕು ಬರುತ್ತದೆ. ಕೇಕಿನ ಮುಂದೆ ನಾನೊಬ್ಬನೇ ನಿಲ್ಲುವುದಿಲ್ಲ. ರಾಯಚೂರಿನ ಬಸವರಾಜ, ಹಾಸನದ ನಾಗರಾಜ, ಇಬ್ಬರೂ ನನ್ನ ಜೊತೆಗೆ ಚಾಕು ಹಿಡಿಯುತ್ತಾರೆ. ಅವರೂ ಅವರವರ ಮೇಷ್ಟ್ರುಗಳಿಗೆ ಹುಟ್ಟಿದವರು.

ಈ ಕೇಕಿನ ಸಮಾರಂಭದ ಪುರೋಹಿತ ನಮ್ಮ ಕಾಲಿನ್. ಅವನು ಬ್ರಿಟನ್ನಿನ ಯಾರ್ಕ್‌ಷೈರಿನವನು, ಪಕ್ಕದ ಮೇಜಿನಲ್ಲಿ ಕೂತು ನನ್ನ ಹಾಗೆಯೇ ತಲೆ ಕೆರೆದುಕೊಳ್ಳುವ ಇಂಜಿನಿಯರ್. ಇತಿಹಾಸವೆಂದರೆ ಅವನಿಗೆ ಹುಚ್ಚು. ಯಾರದೇ ಹುಟ್ಟುಹಬ್ಬವಿರಲಿ, ಆ ತಾರೀಕಿನಂದು ಬ್ರಿಟನ್ನಿನಲ್ಲಿ ಯಾರು ಹುಟ್ಟಿದರು, ಏನೇನು ನಡೆಯಿತು ಎಂಬುದನ್ನು ಎದ್ದು ನಿಂತು ಹೇಳಿ ಮುಗಿಸಿದ ಮೇಲೆಯೇ ಕೇಕಿಗೆ ಬಿಡುಗಡೆ. ಎಲ್ಲರೂ ಅವನ ಕಡೆ ಕಿವಿ, ಕೇಕಿನ ಕಡೆ ಕಣ್ಣು ಕೊಟ್ಟು ನಿಂತಿರುತ್ತೇವೆ. ನಮ್ಮ ಮೂವರ ತಾರೀಕು ನೋಡಿ ಅವನು ಮೊದಲ ವರ್ಷವೇ ಬೆರಗಾಗಿದ್ದ. ಬೆರಳು ಮಡಿಸಿ ಒಂಬತ್ತು ತಿಂಗಳು ಹಿಂದಕ್ಕೆಣಿಸಿ, ಸೆಪ್ಟೆಂಬರ್ ಶುರುವಿನಲ್ಲಿ ನಿಮ್ಮ ಸೀಮೆಯಲ್ಲಿ ಏನಾದರೂ ವಿಶೇಷ ನಡೆಯುತ್ತದೆಯೇ ಎಂದು ಗಂಭೀರವಾಗಿ ಕೇಳಿದ. ನಾನು ತಬ್ಬಿಬ್ಬಾಗಿ ಬಸವರಾಜನ ಮುಖ ನೋಡಿದೆ. “ಗಣಪತಿ ಹಬ್ಬ ಐತಿ ಅಂತ ಹೇಳಿಬಿಡ್ರಿ ಸರ, ಸುಳ್ಳೇನಲ್ಲಲ್ಲ” ಎಂದ ಅವನು. ಹಾಗೆಯೇ ಹೇಳಿದೆ. ಅಂದಿನಿಂದ ಕಾಲಿನ್‌ಗೆ ನಮ್ಮ ಗಣಪತಿಯ ಮೇಲೆ ವಿಶೇಷ ಗೌರವ.

ನನ್ನ ತಾರೀಕು ಸಾಮಾನ್ಯದ್ದಲ್ಲ ಎಂದು ನನಗೆ ತಿಳಿದದ್ದು ಕಾಲಿನ್‌ನಿಂದಲೇ. ಆರು ಮದುವೆಯಾದ ಇಂಗ್ಲಿಷ್ ರಾಜ ತನ್ನ ಎರಡನೆಯ ಹೆಂಡತಿಗೆ ಕಿರೀಟ ಇಡಿಸಿದ್ದು ಜೂನ್ ಒಂದರಂದು. ಆ ತಲೆಯನ್ನು ಆಮೇಲೆ ತೆಗೆಸಿದನಲ್ಲ ಎಂದು ಕೇಳಿದ್ದಕ್ಕೆ, ಅದು ಮೇ ತಿಂಗಳ ವಿಚಾರ, ನಿನಗೂ ಅದಕ್ಕೂ ಸಂಬಂಧವಿಲ್ಲ ಎಂದು ಕಾಲಿನ್ ನನ್ನನ್ನು ಸಮಾಧಾನಪಡಿಸಿದ. ಫ್ರೆಂಚರ ಮೇಲೆ ಇಂಗ್ಲಿಷರು ನಡೆಸಿದ ದೊಡ್ಡ ನೌಕಾಯುದ್ಧಕ್ಕೆ ಈ ತಾರೀಕಿನ ಹೆಸರನ್ನೇ ಇಟ್ಟಿದ್ದಾರಂತೆ. ಇವರು ಹಡಗು ಹಿಡಿದು ಗೆದ್ದೆವೆಂದರು, ಅವರು ಹಡಗು ಹೋದರೂ ಅವು ಕಾವಲಿದ್ದ ದವಸ ಊರು ಮುಟ್ಟಿತಲ್ಲ, ನಾವೇ ಗೆದ್ದೆವೆಂದರು. ಎರಡೂ ಕಡೆಯವರು ಸಂತೋಷವಾಗಿ ಮನೆಗೆ ಹೋದ ಇಂಥ ಜಗಳ ನನ್ನ ಸಂಸಾರದಲ್ಲಿ ಒಂದೂ ನಡೆದಿಲ್ಲ. ಜಗತ್ತಿನ ದಿಕ್ಸೂಚಿಗಳೆಲ್ಲ ಬೆರಳು ಮಾಡುವ ಉತ್ತರದ ಆ ಜಾಗವನ್ನು ಇಂಗ್ಲಿಷ್ ನಾವಿಕನೊಬ್ಬ ಪತ್ತೆಹಚ್ಚಿದ್ದೂ ಅಂದೇ. ಹತ್ತಿರದಲ್ಲೇ ಇರುವ ಯೂನಿಯನ್ ಸಿಟಿಗೆ ಹೋಗುವಾಗ ಪ್ರತಿ ಸಲವೂ ಫ್ರೀವೇಯಲ್ಲಿ ತಪ್ಪು ಎಕ್ಸಿಟ್ ಹಿಡಿಯುವ ನನಗೆ ಇದನ್ನು ಕೇಳಿ ರೋಮಾಂಚನವಾಯಿತು. ಇದಲ್ಲದೆ ಕಡಲಿನ ಮೇಲೆ ಪದ್ಯ ಕಟ್ಟಿದ ಒಬ್ಬ ಆಸ್ಥಾನ ಕವಿಯ ಜನ್ಮದಿನವೂ ಹೌದು.

ವರ್ಷಾವರ್ಷ ಇದನ್ನೆಲ್ಲ ಕೇಳಿಸಿಕೊಂಡು ನನ್ನ ನಡಿಗೆಯೇ ಬದಲಾಯಿತು. ನಮ್ಮ ಸ್ಯಾನ್ ಹೊಸೆಯ ಮನೆಗೆ ಬಂದವರಿಗೆ ಕಾಫಿ ಕೊಡುವ ಮುಂಚೆ ಕಿರೀಟದ ಕಥೆ ಹೇಳುತ್ತಿದ್ದೆ. ಇದಕ್ಕೆಲ್ಲ ಜಗ್ಗದವಳು ನನ್ನ ಹೆಂಡತಿ ಶಾರದೆ. “ಜೂನ್ ಒಂದು ಸ್ಕೂಲು ಶುರುವಾಗೋ ದಿನಾರೀ, ಹುಟ್ಟಿದ ದಿನ ಅಲ್ಲ” ಎಂದು ಒಂದೇ ಮಾತಿನಲ್ಲಿ ಬ್ರಿಟಿಷ್ ಇತಿಹಾಸವನ್ನು ಪಕ್ಕಕ್ಕಿಡುತ್ತಿದ್ದಳು. ಬೇಕೆಂದೇ ಅವತ್ತು ಹಿಂದಿನ ದಿನದ ಹುಳಿಯನ್ನು ಬಿಸಿಮಾಡಿ ಬಡಿಸುತ್ತಿದ್ದಳು. ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ತಂದದ್ದು ಜೂನ್ ಒಂದರಂದು ಎಂದಾಗ ಮಾತ್ರ ತನ್ನ ಹಳೆಯ ಸೀರೆಯ ಸೆರಗು ನೋಡಿಕೊಂಡು, “ಇದೊಂದು ನಿಮಗೆ ಸರಿಯಾಗಿ ಹೊಂದುತ್ತೆ” ಎಂದಳು.

ಈ ವರ್ಷ ಕಂಪ್ಯೂಟರಿನ ಪ್ರಕಾರ ನನಗೆ ಅರವತ್ತು. ಕಾಲಿನ್ ನಿವೃತ್ತನಾಗಿ ಹೆಂಡತಿ ಹೆಲೆನ್ ಜೊತೆ ಊರಿಗೆ ಮರಳುವುದೂ ಈ ಬೇಸಿಗೆಯಲ್ಲೇ. ಕೊನೆಯ ಸಲ ಜೂನ್ ಒಂದರ ವೃತ್ತಾಂತವನ್ನು ನಿನ್ನ ಮನೆಯಲ್ಲೇ ಹೇಳುತ್ತೇನೆ ಎಂದ. ನಾನು ಉಬ್ಬಿಹೋದೆ. ಆ ಉತ್ಸಾಹದಲ್ಲಿ ಬಾಯಿ ಸುಮ್ಮನಿರದೆ, ನಮ್ಮಲ್ಲಿ ಹುಟ್ಟುಹಬ್ಬಕ್ಕೆ ದೀಪ ಹಚ್ಚಿ ಆರತಿ ಎತ್ತುತ್ತಾರೆ, ನೀವೂ ನೋಡುವಿರಂತೆ ಎಂದುಬಿಟ್ಟೆ. ಮನೆಗೆ ಬಂದು ಹೇಳಿದರೆ ಶಾರದೆ ಸೌಟು ಕೆಳಗಿಟ್ಟಳು. “ಊಟಕ್ಕೆ ಬರಲಿ, ಹೋಳಿಗೆ ಮಾಡ್ತೀನಿ. ಆರತಿ ಮಾತ್ರ ಎತ್ತಲ್ಲ. ಅರವತ್ತು ತುಂಬೋದು ಅಷ್ಟಮಿಗೆ. ತುಂಬದೇ ಇರೋದನ್ನ ತುಂಬಿತು ಅಂತ ಆರತಿ ಎತ್ತೋಕೆ ನಂಗೆ ಧೈರ್ಯ ಇಲ್ಲಪ್ಪ” ಎಂದಳು. ನನ್ನ ಆಯುಷ್ಯದ ಮೇಲಿನ ಕಾಳಜಿಯಿಂದ ಹೇಳಿದ ಮಾತಿಗೆ ಎದುರು ವಾದಿಸುವುದು ಹೇಗೆ? ಆದರೂ ಸ್ನೇಹಿತನ ಮುಂದೆ ಮಾನ ಹೋಗುತ್ತದಲ್ಲ ಎಂದು ಎರಡು ದಿನ ಊಟ ಸೇರಲಿಲ್ಲ.

ಕಾಲಿನ್ ಟೈ ಕಟ್ಟಿಕೊಂಡು ಬಂದ. ಹೋಳಿಗೆ ಮುಗಿಸಿ ಎದ್ದು ನಿಂತು ಕಿರೀಟ, ಕದನ, ಕವಿ ಎಲ್ಲವನ್ನೂ ಹೇಳಿದ. ಕೊನೆಗೆ ನನ್ನ ಹೆಸರನ್ನೂ ಆ ಸಾಲಿಗೆ ಸೇರಿಸಿದ. ನನ್ನ ಕಣ್ಣಿನಲ್ಲಿ ನೀರು ಬಂತು, ಮುಚ್ಚಿಡುವುದೇಕೆ. ಅಷ್ಟರಲ್ಲಿ ಹೆಲೆನ್, ದೀಪ ಹಚ್ಚುವುದು ಯಾವಾಗ ಎಂದು ಆಸೆಯಿಂದ ಕೇಳಿದಳು. ನಾನು ಎಲೆಯಲ್ಲಿ ಉಳಿದಿದ್ದ ಹೋಳಿಗೆಯ ಚೂರನ್ನು ಪರೀಕ್ಷಿಸತೊಡಗಿದೆ. ಶಾರದೆಗೆ ಸುಳ್ಳು ಬರುವುದಿಲ್ಲ. ಇವರು ಇವತ್ತು ಹುಟ್ಟಿದವರಲ್ಲ, ಇದು ಮೇಷ್ಟ್ರು ಕೊಟ್ಟ ತಾರೀಕು ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿಬಿಟ್ಟಳು.

ಕಾಲಿನ್ ನನ್ನ ಮುಖ ನೋಡಿದ, ಶಾರದೆಯ ಮುಖ ನೋಡಿದ. ಆಮೇಲೆ ಮೇಜು ತಟ್ಟಿ ನಗತೊಡಗಿದ. ನಮ್ಮ ದೇಶದಲ್ಲಿ ಸಿಂಹಾಸನದ ಮೇಲಿರುವವರು ಯಾವ ತಿಂಗಳಲ್ಲೇ ಹುಟ್ಟಿರಲಿ, ಸರ್ಕಾರಿ ಹುಟ್ಟುಹಬ್ಬ ಮಾಡುವುದು ಜೂನ್ ತಿಂಗಳಲ್ಲೇ, ಮೆರವಣಿಗೆಗೆ ಆಗ ಹವೆ ಚೆನ್ನಾಗಿರುತ್ತದೆ ಎಂದ. ನಿನ್ನ ಮೇಷ್ಟ್ರು ನಿನಗೆ ರಾಜಮರ್ಯಾದೆಯನ್ನೇ ಮಾಡಿದ್ದಾರೆ ಎಂದ. ನಾನು ಶಾರದೆಯ ಕಡೆ ನೋಡಿ ಎದೆಯುಬ್ಬಿಸಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹಾಗಾದರೆ ನಿಜವಾದ ದಿನ ಯಾವುದು ಎಂದು ಅವನು ಕೇಳಿದ. ಅಷ್ಟಮಿ ಇಂಗ್ಲಿಷ್ ತಾರೀಕಿನಲ್ಲಿ ಎಲ್ಲಿ ಬಿದ್ದಿತ್ತೆಂದು ನಾವು ಯಾರೂ ಈವರೆಗೆ ನೋಡಿರಲಿಲ್ಲ. ಶಾರದೆ ಫೋನಿನ ಪಂಚಾಂಗದಲ್ಲಿ ನಾನು ಹುಟ್ಟಿದ ವರ್ಷಕ್ಕೆ ಹೋಗಿ ಅಕ್ಟೋಬರಿನ ಒಂದು ತಾರೀಕು ಹುಡುಕಿಕೊಟ್ಟಳು. ಕಾಲಿನ್ ಕನ್ನಡಕ ಏರಿಸಿ ತನ್ನ ಫೋನಿನಲ್ಲಿ ಆ ತಾರೀಕನ್ನು ತೆರೆದ.

ನಾನು ನೆಟ್ಟಗೆ ಕೂತೆ. ಮೇಷ್ಟ್ರು ಬಾಯಿಗೆ ಬಂದಂತೆ ಹೇಳಿದ ದಿನವೇ ಇಷ್ಟು ಭಾರಿಯಾದರೆ, ದೇವಿಯೇ ಆರಿಸಿದ ದಿನ ಇನ್ನೆಂಥದಿರಬೇಕು. ಕಾಲಿನ್ ಬೆರಳಿನಿಂದ ಕೆಳಕ್ಕೆ ಸರಿಸಿದ. ಮತ್ತೆ ಮೇಲಕ್ಕೆ ಸರಿಸಿದ. ಕನ್ನಡಕ ತೆಗೆದು ಒರೆಸಿಕೊಂಡ.

“ಯುದ್ಧವೇ?” ಎಂದೆ.

“ಇಲ್ಲ.”

“ರಾಜರು ಯಾರಾದರೂ ಹುಟ್ಟಿದ್ದಾರಾ?”

“ಕಾಣಿಸುತ್ತಿಲ್ಲ.”

“ಹೋಗಲಿ, ಒಬ್ಬ ಕವಿ?”

ಕಾಲಿನ್ ಫೋನು ಕೆಳಗಿಟ್ಟು ನನ್ನ ಭುಜದ ಮೇಲೆ ಕೈಯಿಟ್ಟ. “ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಗೆಳೆಯಾ. ಬಹುಶಃ ಮಳೆ ಬಂದಿರಬಹುದು” ಎಂದ.

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಶಾರದೆ ನನ್ನ ಮುಖವನ್ನೇ ನೋಡುತ್ತಿದ್ದವಳು ಎದ್ದು ದೇವರ ಗೂಡಿನ ಕಡೆ ಹೋದಳು. ತಟ್ಟೆಯಲ್ಲಿ ಕುಂಕುಮದ ನೀರು ಕದಡಿ, ಎರಡು ಬತ್ತಿ ಹಚ್ಚಿ ತಂದು, ಇದಕ್ಕೆ ಇಬ್ಬರು ಹೆಂಗಸರು ಬೇಕು ಬನ್ನಿ ಎಂದು ಹೆಲೆನ್‌ಳನ್ನು ಕರೆದು ತಟ್ಟೆಯ ಇನ್ನೊಂದು ಅಂಚನ್ನು ಹಿಡಿಸಿದಳು. “ಅಷ್ಟಮಿಗೇ ಎತ್ತಬೇಕು ಅಂದಿದ್ದೆಯಲ್ಲೇ” ಎಂದು ಮೆಲ್ಲಗೆ ಕೇಳಿದೆ.

“ಅಷ್ಟಮಿಗೂ ಎತ್ತೋಣ. ಈಗ ಸುಮ್ನೆ ಪೂರ್ವಕ್ಕೆ ಮುಖ ಮಾಡಿ ಕೂತ್ಕೊಳ್ಳಿ, ಪಾಪ” ಎಂದಳು.

ಒಬ್ಬಳು ಹಾಡಿದಳು, ಇನ್ನೊಬ್ಬಳು ಗೊತ್ತಿಲ್ಲದ ಹಾಡಿಗೆ ಗೊತ್ತಿದ್ದ ರಾಗದಲ್ಲಿ ಗುನುಗಿದಳು. ನನಗಂತೂ ಹೇಳಲಾರದಷ್ಟು ಸಂತೋಷವಾಯಿತು. ಅದು ಪೂರ್ತಿ ಕನಿಕರದಿಂದ ಎತ್ತಿದ ಆರತಿ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ಕಾಲಿನ್ ತೆಗೆದ ಫೋಟೋ ನೋಡಿದರೆ ನನ್ನ ಮುಖದಲ್ಲಿ ಅದರ ಸುಳಿವೇ ಇಲ್ಲ. ಇಷ್ಟು ತಡವಾಗಿ ಸನ್ಮಾನ ಮಾಡುತ್ತಿದ್ದೀರಲ್ಲ ಎಂದು ಊರಿನವರನ್ನೆಲ್ಲ ಕ್ಷಮಿಸಿ ಕೂತವನ ಠೀವಿ ಇದೆ.