ಜಲಜನಕ ಮಾವ

ಎಪ್ಪತ್ತರ ದಶಕದಲ್ಲಿ ಜಪಾನು, ಜರ್ಮನಿ, ಕೆನಡಾಗಳ ಇಂಧನ ಖಾತೆಯನ್ನು ನಡೆಸುತ್ತಿದ್ದವರು ಯಾರು ಗೊತ್ತೇ? ನಮ್ಮ ಸೋದರಮಾವ! ಅದೂ ಆರ್.ಟಿ. ನಗರದ ಬಾಡಿಗೆ ಮನೆಯ ಜಗಲಿಯಿಂದ! ಆ ದೇಶಗಳಿಗೆ ಈ ಸಂಗತಿ ತಿಳಿಯದೇ ಹೋದದ್ದು ಅವುಗಳ ದುರದೃಷ್ಟ.

ಅರಬ್ಬರು ಪೆಟ್ರೋಲಿನ ಬೆಲೆ ಏರಿಸಿದ್ದೇ ತಡ, ಮಾವನಿಗೆ ಜಲಜನಕದ, ಅಂದರೆ ಹೈಡ್ರೋಜನ್ನಿನ, ಹುಚ್ಚು ಹಿಡಿಯಿತು. ಉರಿಸಿದರೆ ಹೊಗೆಯಿಲ್ಲ, ಮಸಿಯಿಲ್ಲ, ಉಳಿಯುವುದು ಬರೀ ನೀರು! ಯಾವ ದೇಶ ಎಲ್ಲಿಗೆ ಮುಟ್ಟಿತೆಂದು ಪೇಪರಿನಲ್ಲಿ ಓದಿ, ಎದುರುಮನೆಯವರ ಸುದ್ದಿಯ ಹಾಗೆ ಹೇಳುತ್ತಿದ್ದರು.

“ಜರ್ಮನಿಯವ್ನು ಬಸ್ಸೇ ಓಡಿಸ್ತಾನಂತೆ ಕಣೇ! ಜಪಾನಿನವ್ನು ಬಿಸಿಲಲ್ಲೇ ನೀರು ಒಡೆದು ಜಲಜನಕ ತೆಗೀತಾನಂತೆ. ಕೆನಡಾದವ್ನಿಗೇನ್ ಬಿಡು, ನೀರು ಒಡೆಯೋಕೆ ಬೇಕಾದಷ್ಟು ಕರೆಂಟಿದೆ.”

“ನನ್ನ ಒಲೆಗೆ ಯಾರು ಏನ್ ಮಾಡ್ತಾರಂತೆ?” ಎಂದು ಒಳಗಿನಿಂದ ಅತ್ತೆ, ಕೆಮ್ಮಿನ ನಡುವೆ.

ಅತ್ತೆಗೆ ಉಬ್ಬಸ. ಅಡುಗೆಯೋ ಮರದ ಹೊಟ್ಟಿನ ಒಲೆಯಲ್ಲಿ. ಒಲೆ ಹೊತ್ತಿಸಿದರೆ ಅವರ ಎದೆ ಕುಯ್ಯೆನ್ನುವುದು ಜಗಲಿಗೆ ಕೇಳುತ್ತಿತ್ತು. ಬೀದಿಯವರೆಲ್ಲ ಗ್ಯಾಸಿಗೆ ಹೆಸರು ಬರೆಸಿ ಕಾಯುತ್ತಿದ್ದರೆ ಮಾವ ಬರೆಸಲೇ ಇಲ್ಲ. “ಹೋಗಿ ಹೋಗಿ ಗ್ಯಾಸಾ? ಅದೂ ಪೆಟ್ರೋಲಿನ ತಮ್ಮನೇ! ಜಪಾನಿನವ್ನು ಇನ್ನೇನ್ ಕೊಟ್ಟೇಬಿಡ್ತಾನೆ, ಸ್ವಲ್ಪ ತಡ್ಕೋ.” ಉಬ್ಬಸವೇನು ತಡೆದುಕೊಳ್ಳುವಂಥದೇ, ನೀವೇ ಹೇಳಿ!

ದೇಶಕ್ಕೊಂದು ಯೋಜನೆ ಇರುವಾಗ ನಮ್ಮ ಬಡಾವಣೆಗೆ ಬೇಡವೇ? ಹಾಲಿನ ಬೂತಿನ ಪಕ್ಕ ಮಾವ ಬೋರ್ಡು ನೆಟ್ಟರು: ‘ಜಲಜನಕ ಯೋಜನೆ. ಭಾನುವಾರ ಸಂಜೆ ನಮ್ಮ ಮನೆ ಮುಂದೆ. ಎಲ್ಲರೂ ಬನ್ನಿ.’ ಬಂದರು ನೋಡಿ! ಸಂಜಯನಗರದಿಂದಲೂ ಬಂದರು. ಎಲ್ಲರ ಕೈಯಲ್ಲೂ ಕೊಡ! ನಲ್ಲಿ ಒಣಗಿದ್ದ ಬೇಸಿಗೆ ಅದು. ‘ಜಲ’ ಎಂಬಲ್ಲಿಗೇ ಓದು ನಿಲ್ಲಿಸಿದ್ದರು.

“ಇದು ನೀರು ಕೊಡೋ ಯೋಜನೆ ಅಲ್ಲ ಕಣ್ರೀ, ನೀರಿಂದ ಜಲಜನಕ ತೆಗೆಯೋದು!” ಎಂದು ಮಾವ ವಿವರಿಸಿದರು.

ಹೆಬ್ಬಾಳದ ಸೊಪ್ಪಿನಜ್ಜಿ ಖಾಲಿ ಕೊಡವನ್ನು ಸೊಂಟಕ್ಕೇರಿಸಿದಳು. “ಅಂಗಂದ್ರೆ ಇರೋ ನೀರ್ನೂ ಕಿತ್ಕೊಂಡೋಯ್ತೀರಾ ಸ್ವಾಮಿ?”

ಸಭೆ ಅಲ್ಲಿಗೆ ಮುಗಿಯಿತು. ಆಮೇಲೆ ಹೋದಲ್ಲೆಲ್ಲ “ನೀರು ಬಂತಾ ಸಾರ್?” ಮಾವ ಪ್ರತಿಯೊಬ್ಬರನ್ನೂ ರಸ್ತೆಯಲ್ಲೇ ನಿಲ್ಲಿಸಿ ತಿದ್ದುತ್ತಿದ್ದರು. ಯಾರದೇ ತಪ್ಪು ತಿಳಿವಳಿಕೆಯನ್ನು ಹಾಗೇ ಬಿಟ್ಟು ಮುಂದೆ ಹೋಗುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

ಎಂಬತ್ತರ ದಶಕ ಬಂತು, ಜಪಾನಿನವನು ಬರಲಿಲ್ಲ. ಒಂದು ಚಳಿಗಾಲದ ಬೆಳಿಗ್ಗೆ ಅತ್ತೆ ಒಲೆಯ ಮುಂದೆ ಉಸಿರು ಸಿಗದೆ ಕುಸಿದರು. “ಇನ್ನು ಹೊಗೆ ಕುಡಿದ್ರೆ ಉಳಿಯಲ್ಲ” ಎಂದರು ಡಾಕ್ಟರು. ಮಾವ ಅಂದೇ ಹೋಗಿ ಗ್ಯಾಸಿಗೆ ಹೆಸರು ಬರೆಸಿದರು. ಯಶವಂತಪುರದ ಗ್ಯಾಸ್ ಏಜೆನ್ಸಿಗೆ ಅಲೆದೂ ಅಲೆದೂ, ಯಾರಿಗೂ ಕೈಮುಗಿಯದ ಮನುಷ್ಯ ಸಿಕ್ಕಸಿಕ್ಕವರಿಗೆಲ್ಲ ಕೈಮುಗಿದು, ಕಡೆಗೊಂದು ದಿನ ಸಿಲಿಂಡರನ್ನು ಸೈಕಲ್ಲಿಗೆ ಕಟ್ಟಿಕೊಂಡು ತಂದರು. ತಲೆ ತಗ್ಗಿತ್ತು. ಅಕ್ಕಪಕ್ಕದವರು ನಗಲು ಸಿದ್ಧರಾಗಿ ಬಾಗಿಲಲ್ಲೇ ನಿಂತಿದ್ದರು.

ಅತ್ತೆ ಸ್ಟೌ ಹಚ್ಚಿದರು. ನೀಲಿ ಉರಿ, ಹೊಗೆಯಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದರು: “ನೋಡಿ, ನಮ್ಮನೆಯವ್ರು ಹೇಳ್ತಿದ್ದ ಜಲಜನಕ ಬಂದೇಬಿಡ್ತು! ಇದೇ ಅಲ್ವೇನ್ರೀ?”

ವರ್ಷಗಟ್ಟಲೆ ಮಾವನ ಉಪನ್ಯಾಸ ಕೇಳಿದ್ದ ಅತ್ತೆಗೆ ಇದು ಯಾವ ಗ್ಯಾಸೆಂದು ಗೊತ್ತಿರಲಿಲ್ಲವೇ? ನಾವೆಲ್ಲ ಮಾವನ ತಿದ್ದುಪಡಿಗೆ ಕಾದೆವು. ಅವರು ಹೆಂಡತಿಯ ಮುಖವನ್ನೇ ನೋಡುತ್ತ ನಿಂತರು.

“ಹೂಂ ಕಣೇ,” ಎಂದರು ಮಾವ. “ಇದೇ.”