ಕುಳಿತರಷ್ಟೇ ಓಡುವ ಯಂತ್ರ

ಬಿಳಿಗಿರಿಗೆ ಮೂಲವ್ಯಾಧಿಯಂತೆ, ಒಂದು ಗಳಿಗೆ ಕೂರಲಾರನಂತೆ ಎಂಬ ಸುದ್ದಿ ಪಣಕಹಳ್ಳಿಯಲ್ಲಿ ಬಸ್ಸು ಹತ್ತಿ ಜೀರಹಳ್ಳಿಯವರೆಗೂ ಹೋಗಿಬಂದಿತ್ತು. ಅದು ಸುಳ್ಳು. ಅವನಿಗಿದ್ದದ್ದು ಮರ್ಯಾದೆ; ಹಿರಿಯರನ್ನು ಕಂಡರೆ ಎದ್ದು ನಿಲ್ಲದೆ ಇರಲಾರದಷ್ಟು ಮರ್ಯಾದೆ.

ಊರಾಚೆಯ ಅತಿಥಿಗೃಹದ ಹುಲ್ಲನ್ನು ಈವರೆಗೆ ಅವನೂ ಹೆಂಡತಿ ಪುಟ್ಟಗೌರಮ್ಮನೂ ಕುಡುಗೋಲಿನಿಂದ ಕೊಯ್ದು ತಮ್ಮ ಹಸುಗಳಿಗೆ ಒಯ್ಯುತ್ತಿದ್ದರು. ಈಗ ಅದರ ಮಾಲೀಕ ವೃಷಭೇಂದ್ರ, ಮೇಲೆ ಕುಳಿತು ಓಡಿಸುತ್ತ ಹುಲ್ಲು ಕತ್ತರಿಸುವ ಯಂತ್ರವೊಂದನ್ನು ತರಿಸಿದ್ದರು. ಸಂಜೆ ತಾವು ಬರುವ ಹೊತ್ತಿಗೆ ಅದು ಓಡದಿದ್ದರೆ ಕೆಲಸವೂ ಹುಲ್ಲೂ ಬೇರೆಯವರ ಪಾಲು ಎಂದಿದ್ದರು. ಬಿಳಿಗಿರಿ ಸೀಟಿನಿಂದೆದ್ದು ಮೂರನೇ ಸಲ ಇಂಜಿನ್ ನಿಂತಾಗ, ಯಂತ್ರ ಜೋಡಿಸಲು ಬಂದಿದ್ದ ಪ್ರಸಾದ್ ಮತ್ತೊಮ್ಮೆ ಕೀಲಿ ತಿರುಗಿಸಿದ.

ಪ್ರಸಾದ್: ಅಣ್ಣ, ಸೀಟಿನ ಕೆಳಗೊಂದು ಸ್ವಿಚ್ಚದೆ. ನೀವು ಎದ್ರೆ ಇಂಜಿನ್ ನಿಂತೋಯ್ತದೆ. ಬಿದ್ದೋರ ಕಾಲು ಕುಯ್ಯದಿರ್ಲಿ ಅಂತ ಮಾಡಿರೋದು.

ಬಿಳಿಗಿರಿ: ಪೂಜಾರಪ್ಪ ಬಂದ್ರು ಕಣಪ್ಪ. ಕುಂತ್ಕಂಡೇ ಇರಕ್ಕಾಯ್ತದಾ?

ಪುಟ್ಟಗೌರಮ್ಮ: ಅದ್ಕೂ ಮುಂಚೆ ಮೇಷ್ಟ್ರು.

ಬಿಳಿಗಿರಿ: ಅಕ್ಷರ ಕಲಿಸ್ದೋರು.

ಪುಟ್ಟಗೌರಮ್ಮ: ಅದ್ಕೂ ಮುಂಚೆ ಬಸ್ಸು.

ಬಿಳಿಗಿರಿ: ಒಳಗೆ ಯಾರಾರ ದೊಡ್ಡೋರು ಇದ್ರೆ?

ಪುಟ್ಟಗೌರಮ್ಮ: ನಾ ಬಂದಾಗ ಒಂದಿನಾನೂ ಎದ್ದಿಲ್ಲ.

ಬಿಳಿಗಿರಿ: ನೀ ಬರೋದೇ ಎಬ್ಬಿಸಕೆ. ಆಗ ಎದ್ರೆ ಅದು ಮರ್ಯಾದಿ ಅಲ್ಲ, ಭಯ.

ಪ್ರಸಾದ್: ಅದಿರ್ಲಿ. ಉಲ್ಲು ಬೀಳಕೆ ಇಂದ್ಗಡೆ ಚೀಲ ಕಟ್ಲಾ, ಮಿಷಿನ್ ಬಾಯಿ ಮುಚ್ಚುಬುಡ್ಲಾ? ಮುಚ್ಚುದ್ರೆ ಉಲ್ಲು ಪುಡಿಯಾಗಿ ಅಲ್ಲೇ ಉದುರ್ತದೆ. ನೆಲಕ್ಕೆ ಗೊಬ್ಬರ.

ಪುಟ್ಟಗೌರಮ್ಮ: ಗೊಬ್ಬರ ಮಾಡಕೆ ಮನೇಲಿ ಅಸ ಅವೆ. ದೀಪಾವಳಿ ಆಯ್ತಿದ್ದಂಗೆ ಗುಮಟಾಪುರದ ನೆಂಟ್ರು ಅಬ್ಬದಲ್ಲಿ ಎರಚಾಡಕೆ ಸಗಣಿ ಕೇಳ್ಕಂಡು ಬತ್ತರೆ. ನಿನ್ ಮಿಷಿನ್ ಸಗಣಿ ಆಕ್ತದಾ? ಚೀಲ ಕಟ್ಟು.

ಪ್ರಸಾದ್ ಚೀಲ ಕಟ್ಟಿದ. ಮರ್ಯಾದೆ ಬಿಟ್ಟರೆ ಹುಲ್ಲು ಉಳಿಯುತ್ತದೆ, ಹುಲ್ಲು ಬಿಟ್ಟರೆ ಮರ್ಯಾದೆ ಉಳಿಯುತ್ತದೆ. ಇದು ಹಸುಗಳನ್ನು ಕೂರಿಸಿಕೊಂಡು ತಿಳಿಹೇಳುವಂಥ ವಿಷಯವಲ್ಲ ಎಂದು ಬಿಳಿಗಿರಿಗೆ ಅನ್ನಿಸಿತು.

ಬಿಳಿಗಿರಿ: ಸೀಟಿನ್ ಮೇಲೊಂದು ಕಲ್ಲಿಟ್ರೆ?

ಪ್ರಸಾದ್: ಕಲ್ಲು ಬ್ರೇಕ್ ಆಕಲ್ಲ ಅಣ್ಣ.

ಪುಟ್ಟಗೌರಮ್ಮ: ಅತ್ಲಾಗೆ ಸರೀರಿ, ನಾ ಕುಂತ್ಕತೀನಿ.

ಕುಳಿತಳು. ಯಂತ್ರ ಒಂದು ಸುತ್ತು ಸೊಗಸಾಗಿ ಹೋಯಿತು. ಅಷ್ಟರಲ್ಲಿ ಬಿಳಿಗಿರಿಯ ತಂದೆ ಚಿಕ್ಕಸಿದ್ದ ಕೋಲೂರಿಕೊಂಡು ಗೇಟಿನೊಳಗೆ ಬಂದರು. ಪುಟ್ಟಗೌರಮ್ಮ ಸೆರಗು ಹೊದ್ದು ಕೆಳಗಿಳಿದು ನಿಂತಳು. ಇಂಜಿನ್ನೂ ನಿಂತಿತು.

ಬಿಳಿಗಿರಿ: ನೀ ಯಾಕಿಳುದೆ?

ಪುಟ್ಟಗೌರಮ್ಮ: ಮಾವ.

ಬಿಳಿಗಿರಿ: ನಿಂಗೂ ಅಂಟ್ತು.

ಚಿಕ್ಕಸಿದ್ದ: ಯಾಕ್ಲಾ ಎಲ್ರೂ ನಿಂತಿದ್ದರಿ?

ಬಿಳಿಗಿರಿ: ನೀವ್ ಬಂದ್ರಲ್ಲಪ್ಪ.

ಚಿಕ್ಕಸಿದ್ದ: ವಾಪಸ್ ಓಗ್ಲಾ?

ಇಳಿಜಾರಿನಲ್ಲಿ ವೃಷಭೇಂದ್ರರ ಜೀಪಿನ ಸದ್ದು ಕೇಳಿಸಿತು.

ಪ್ರಸಾದ್: ತಾತ, ನೀವು ಯಾರ್ ಬಂದ್ರೆ ಎದ್ ನಿಲ್ತೀರಿ?

ಚಿಕ್ಕಸಿದ್ದ: ನಾ ಎದ್ ನಿಲ್ಬೇಕಾದೋರೆಲ್ಲ ಮಣ್ಣಾದ್ರು ಕಣಪ್ಪ.

ಪ್ರಸಾದ್ ಅವರ ಕೋಲು ಇಸಿದುಕೊಂಡು, ಆಸನ ತೋರಿಸಿದ.

ಬಿಳಿಗಿರಿ: ಓಡಿಸ್ತಿರಾ ಅಪ್ಪ?

ಚಿಕ್ಕಸಿದ್ದ: ಎತ್ತಿನ್ ಗಾಡಿ ವಡ್ದೋನು ಕಣ್ಲಾ ನಾನು. ಇದ್ಕೆ ಕೊಂಬೂ ಇಲ್ಲ.

ಜೀಪಿನಿಂದಿಳಿದ ವೃಷಭೇಂದ್ರ ಹುಲ್ಲಿನ ಮೇಲೆ ಬಂದು ನಿಂತರು. ಬಿಳಿಗಿರಿ ಮೊದಲೇ ನಿಂತಿದ್ದರಿಂದ ಇನ್ನಷ್ಟು ನೆಟ್ಟಗಾದ. ಚಿಕ್ಕಸಿದ್ದ ಮಾತ್ರ ಯಂತ್ರ ಓಡಿಸುತ್ತ ಕುಳಿತೇ ಬಂದರು.

ವೃಷಭೇಂದ್ರ: ಏನ್ ಯಜಮಾನ್ರೆ, ಮಗ ನಿಂತವ್ನೆ, ನೀವು ಕೆಲ್ಸ ಮಾಡ್ತಿದ್ದೀರಿ?

ಚಿಕ್ಕಸಿದ್ದ: ವಸಿ ಜರುಗಪ್ಪ, ಕಾಲಿಗೆ ಬಂದದು.

ವೃಷಭೇಂದ್ರ ಜರುಗಿದರು.

ಈಗ ಅತಿಥಿಗೃಹದ ಹುಲ್ಲಿನ ಕೆಲಸ ಆ ಮನೆಯವರದೇ. ಯಂತ್ರವನ್ನು ಚಿಕ್ಕಸಿದ್ದ ಓಡಿಸುತ್ತಾರೆ. ಚೀಲ ತುಂಬಿದಾಗ ಪುಟ್ಟಗೌರಮ್ಮ ಬಿಚ್ಚಿ ಹಸುಗಳಿಗೆ ಒಯ್ಯುತ್ತಾಳೆ. ಬಿಳಿಗಿರಿ ಗೇಟಿನಲ್ಲಿ ನಿಂತು ಬಂದವರಿಗೆಲ್ಲ ಕೈಮುಗಿಯುತ್ತಾನೆ.