ಪೂರ್ಣ ಬ್ಯಾಕಪ್ ತೆಗೆದ ಅಪರಾಧದ ಕುರಿತು

ಇಂದ:
ಮಯೂರಿ ಧ. ಮಗದುಮ್,
ಕಂಪ್ಯೂಟರ್ ವಿಭಾಗ (ಇಡೀ ವಿಭಾಗ ಇವಳೊಬ್ಬಳೇ),
ಹೊಸಬೆಳಗು ಕಣ್ಣಿನ ಆಸ್ಪತ್ರೆ, ಗೋಕಾಕ.

ಗೆ:
ಡಾ. ವಿಜಯಶ್ರೀ ಅವರು,
ಅಧ್ಯಕ್ಷರು, ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಶಾಖೆಗಳು.

ವಿಷಯ: ಅನುಮತಿಯಿಲ್ಲದೆ ಪೂರ್ಣ ಬ್ಯಾಕಪ್ ತೆಗೆದದ್ದಕ್ಕೆ ಅರ್ಜಿದಾರಳಿಗೆ ಬಂದ ನೋಟಿಸು.
ಉಲ್ಲೇಖ: ಕಳೆದ ಭಾನುವಾರದ ಸನ್ಮಾನ ಸಮಾರಂಭ.

ಮಾನ್ಯರೇ,

೧. ಮೂರೂ ಶಾಖೆಗಳ ದಾಖಲೆಗಳ ಪೂರ್ಣ ನಕಲು, ಅಂದರೆ ಬ್ಯಾಕಪ್, ತೆಗೆದದ್ದು ಮೂರು ವರ್ಷಗಳ ಹಿಂದೆ ಒಮ್ಮೆ ಮಾತ್ರ. ಅಂದಿನಿಂದ ಆಯಾ ದಿನದ ಬದಲಾವಣೆಯನ್ನಷ್ಟೇ ಅದರ ಮೇಲೆ ಪೇರಿಸಲಾಗುತ್ತಿದೆ. ಕಳೆದ ತಿಂಗಳು ಅರ್ಜಿದಾರಳು ಪರೀಕ್ಷೆಗೆಂದು ಮೇಲವಂಕಿಯ ರೋಗಿ ಕಾಶೆವ್ವನವರ ಕಣ್ಣಿನ ಚಿತ್ರವನ್ನು ಆ ನಕಲಿನಿಂದ ತೆರೆದಾಗ ಅರ್ಧ ಕಣ್ಣು ಬಂತು. ಉಳಿದರ್ಧ ಬರೀ ಬೂದು. ಬುನಾದಿಯೇ ಕೊಳೆತಿತ್ತು.

೨. ಕಾರಣ, ಅವಳು ಆ ಅರ್ಧ ಕಣ್ಣು ಹಿಡಿದು ವ್ಯವಸ್ಥಾಪಕರಾದ ಸೋಮಶೇಖರ ಸಾಹೇಬರ ಮುಂದೆ ನಿಂತಳು. “ಬ್ಯಾಕಪ್ ಡಬ್ಬಿಗೆ ಹಸರ ದೀಪ ಹತ್ತೇತಿ ಅಲ್ರೀ ಮೇಡಂ? ಸುಮ್ನ ಕುಂದರ್ರಿ,” ಎಂದರು. ಹೊಸ ನಕಲು ತೆಗೆಯಲು ಮೂರು ಸಲ ಅನುಮತಿ ಕೇಳಿದಳು. ಮೂರೂ ಸಲ ದೀಪ ಹಸಿರೇ ಇತ್ತು.

೩. ಆದ್ದರಿಂದ, ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ಹೊಸದಾಗಿ ಪೂರ್ಣ ಬ್ಯಾಕಪ್ ತೆಗೆಯುವಂತೆ ಯಂತ್ರಕ್ಕೆ ಬಲವಂತ ಮಾಡಿದಳು. ಮೂರೂ ಊರಿನ ಕಂಪ್ಯೂಟರುಗಳು ರಸ್ತೆ ನಡುವಿನ ಎಮ್ಮೆಯಂತೆ ಕೂತುಬಿಟ್ಟವು. ಹುಕ್ಕೇರಿ, ಮೂಡಲಗಿಯಿಂದ ಫೋನೋ ಫೋನು. ಗೋಕಾಕದಲ್ಲಿ ಕಣ್ಣಿಗೆ ಹನಿ ಹಾಕಿಸಿಕೊಂಡ ನಲವತ್ತು ಮಂದಿ ಮಬ್ಬಿನಲ್ಲೇ ಕಾದರು. “ಯವ್ವಾ, ಕಣ್ಣಾಗ ಔಷಧ ಹಾಕಿ ಕುಂದರ್ಸೀರಿ, ಡಾಕ್ಟರ್ ಯಾರು, ಕಂಬ ಯಾವ್ದು ಒಂದೂ ತಿಳಿವಲ್ದು!” ಎಂದು ಕಾಶೆವ್ವ ಕಂಬಕ್ಕೇ ಬೈದರು. ಆದರೂ ಅರ್ಜಿದಾರಳು ನಿಲ್ಲಿಸಲಿಲ್ಲ. ಸಂಜೆ ನಕಲು ಮುಗಿಯಿತು, ಸಾಹೇಬರ ಸಹಿಯ ನೋಟಿಸು ಬಂತು.

೪. ಒಂಬತ್ತನೇ ದಿನ ಮುಖ್ಯ ಯಂತ್ರದ ಡಿಸ್ಕ್ ಸತ್ತಿತು. ಮರುದಿನ ಇಪ್ಪತ್ತೆರಡು ಶಸ್ತ್ರಚಿಕಿತ್ಸೆ. ಯಾರ ಕಣ್ಣಿಗೆ ಯಾವ ಅಳತೆಯ ಮಸೂರ ಎಂಬುದೆಲ್ಲ ಅದರಲ್ಲೇ ಇತ್ತು. ಹಳೆಯ ನಕಲು ತೆರೆಯಲಿಲ್ಲ. ಹೊಸದು ತೆರೆಯಿತು. ಕಾಶೆವ್ವನ ಕಣ್ಣು ಪೂರ್ತಿ ಮೂಡಿದಾಗ ಅರ್ಜಿದಾರಳು ಅತ್ತಳು. ಇದು ಕಚೇರಿ ವೇಳೆಯಲ್ಲಿ ನಡೆದದ್ದಕ್ಕೆ ವಿಷಾದವಿದೆ.

೫. ದಾಖಲೆಗಳನ್ನು ಉಳಿಸಿದ್ದಕ್ಕೆಂದು ಭಾನುವಾರ ಸಾಹೇಬರಿಗೆ ಶಾಲು ಹೊದಿಸಲಾಯಿತು. “ಪೂರಾ ಬ್ಯಾಕಪ್ಪು ನಾನ ಬೆನ್ನ ಹತ್ತಿ ತಗಸಿದ್ನಿ ನೋಡ್ರಿ. ಮಂದಿ ಬೈದ್ರೂ ಹಿಂದ ಸರೀಲಿಲ್ಲ!” ಎಂದು ಅವರು ಮೈಕಿನಲ್ಲಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅರ್ಜಿದಾರಳೂ ತಟ್ಟಿದಳು.

ಆದ್ದರಿಂದ, ಸಾಹೇಬರ ಮಾತನ್ನು ಖರೆ ಎಂದೇ ಒಪ್ಪಿ, ಸದರಿ ನೋಟಿಸಿನಲ್ಲಿ ಅರ್ಜಿದಾರಳ ಹೆಸರು ಹೊಡೆದುಹಾಕಿ ಅವರ ಹೆಸರನ್ನು ಬರೆಯಿಸಬೇಕು. ಉತ್ತರಿಸಲು ಅವರಿಗೂ ಏಳು ದಿನಗಳ ಕಾಲಾವಕಾಶ ಕೊಡಬೇಕೆಂದು ವಿನಂತಿ.

ಈವರೆಗೂ ಕೆಲಸದಲ್ಲಿರುವ ತಮ್ಮ ವಿಶ್ವಾಸಿ,
ಮಯೂರಿ

ಲಗತ್ತು:
೧. ನೋಟಿಸು, ಒಂದು ಪ್ರತಿ.
೨. ಸಾಹೇಬರ ಭಾಷಣದ ಧ್ವನಿಮುದ್ರಣ, ಮೂರು ಪ್ರತಿ.